ಕಾಯಿನನ ಹೆಂಡತಿ ಯಾರ ಮಗಳು? ಆದಿಕಾಂಡ ಹೇಳದೆ ಬಿಟ್ಟದ್ದನ್ನು ಓದುವ ಬಗೆ

ಬೈಬಲಿನ ಮೊದಲ ಪುಸ್ತಕ ಆದಿಕಾಂಡ ಓದಲು ಕೂತವರು ನಾಲ್ಕನೇ ಅಧ್ಯಾಯಕ್ಕೆ ಬಂದ ಕೂಡಲೇ ಕೇಳುವ ಪ್ರಶ್ನೆ ಒಂದೇ. ಆದಾಮ, ಹವ್ವ, ಕಾಯಿನ, ಹೇಬೆಲ, ಇದ್ದದ್ದು ಇಷ್ಟೇ ಜನ. ಹೇಬೆಲ ಸತ್ತ. ಹಾಗಾದರೆ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು? ಸಂಡೇ ಸ್ಕೂಲ್ ಮಕ್ಕಳು ಜೋರಾಗಿ ಕೇಳುತ್ತಾರೆ, ಹತ್ತು ಸಲ ಸತ್ಯವೇದ ಪೂರ್ತಿ ಓದಿದ ಹಿರಿಯರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. ಅದರ ಬೆನ್ನಿಗೇ ಉಳಿದವೂ ಬರುತ್ತವೆ. ದೇವರು ಕಾಯಿನನ ಕಾಣಿಕೆಯನ್ನು ಯಾಕೆ ಒಪ್ಪಲಿಲ್ಲ? ದೇವಪುತ್ರರು ಅಂದರೆ ಯಾರು? ಹಾಮ ತಪ್ಪು ಮಾಡಿದರೆ ಅವನ ಮಗ ಕಾನಾನನಿಗೆ ಶಾಪ ಯಾಕೆ? ಬೆಟ್ಟದಿಂದ ಇಳಿಯುವಾಗ ಇಸಾಕ ಎಲ್ಲಿ ಹೋದ?

ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ, ಇಂಥ ಖಾಲಿ ಜಾಗ ಎದುರಾದಾಗ ನೀವೇ ಹೇಗೆ ಹುಡುಕಬಹುದು ಅಂತ ಹಂತ ಹಂತವಾಗಿ ಬರೆಯುವುದು ಜಾಸ್ತಿ ಉಪಯೋಗ ಅನ್ನಿಸಿತು. ಮುಖ್ಯವಾದ ಮಾತು ಇದು: ಖಾಲಿ ಜಾಗಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಮುಂದಿನ ಪುಟದಲ್ಲೇ ತುಂಬಿಕೊಳ್ಳುತ್ತವೆ. ಕೆಲವು ಪ್ರತಿ ಮಾಡುವಾಗ ಆದ ಲೋಪ. ಕೆಲವನ್ನು ಕಥೆ ಹೇಳಿದವರು ಬೇಕೆಂದೇ ಬಿಟ್ಟಂತಿದೆ. ಇನ್ನು ಕೆಲವನ್ನು ನಾವೇ ಹುಟ್ಟಿಸಿಕೊಂಡಿದ್ದೇವೆ. ಯಾವ ಜಾತಿ ಅಂತ ಗೊತ್ತಾಗುವ ಮೊದಲೇ ತುಂಬಲು ಹೊರಟರೆ ಎಡವುತ್ತೇವೆ.

ಮೊದಲು ಬೇಕಾದದ್ದು

ಸತ್ಯವೇದದ ಎರಡು ಬೇರೆ ಬೇರೆ ಕನ್ನಡ ಅನುವಾದಗಳು ಬೇಕು. ಮನೆಯಲ್ಲಿರುವ ಹಳೆಯದು ಒಂದು, ಇತ್ತೀಚಿನದು ಒಂದು. ಕಥೋಲಿಕರ ಅನುವಾದ ಸಿಕ್ಕರೆ ಇನ್ನೂ ಒಳ್ಳೆಯದು. ಇಂಗ್ಲಿಷ್, ತಮಿಳು, ಕೊಂಕಣಿ, ಯಾವುದಾದರೂ ಇನ್ನೊಂದು ಭಾಷೆ ಓದಲು ಬಂದರೆ ಅದರಲ್ಲೂ ಒಂದು ಇಟ್ಟುಕೊಳ್ಳಿ. ಅಡಿಟಿಪ್ಪಣಿ ಇರುವ ಪ್ರತಿಯನ್ನೇ ಹುಡುಕಿ, ಯಾಕೆ ಅಂತ ಹಂತ 4ರಲ್ಲಿ ಗೊತ್ತಾಗುತ್ತದೆ. ಜೊತೆಗೆ ಒಂದು ನೋಟ್‌ಬುಕ್, ಪೆನ್ಸಿಲ್. ಹೀಬ್ರೂ ಬರಬೇಕಾಗಿಲ್ಲ.

ಹಂತ 1: ಬರೆದದ್ದು ಯಾವುದು, ಕೇಳಿದ್ದು ಯಾವುದು ಬೇರೆ ಮಾಡಿ

ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಆಮೇಲೆ ಆ ಭಾಗವನ್ನು, ಹಿಂದಿನ ಅಧ್ಯಾಯದಿಂದ ಮುಂದಿನ ಅಧ್ಯಾಯದವರೆಗೆ, ಮೊದಲ ಸಲ ಓದುವವರ ಹಾಗೆ ಓದಿ. ಈಗ ಪ್ರಶ್ನೆಯೊಳಗಿನ ಒಂದೊಂದು ಪದವೂ ನಿಜವಾಗಿ ವಚನದಲ್ಲಿದೆಯಾ ಅಂತ ನೋಡಿ.

ಕಾಯಿನನ ವಿಷಯವನ್ನೇ ತೆಗೆದುಕೊಳ್ಳಿ. "ಕಾಯಿನ ನೋದು ದೇಶಕ್ಕೆ ಹೋದ, ಅಲ್ಲಿ ಅವನಿಗೆ ಹೆಂಡತಿ ಸಿಕ್ಕಳು" ಅಂತ ಎಷ್ಟೋ ಜನ ಹೇಳುತ್ತಾರೆ. 4:16-17 ತೆಗೆದು ನೋಡಿ. ಅವನು ನೋದು ದೇಶದಲ್ಲಿ ನೆಲೆಸಿದ ಅಂತಿದೆ, ಅವನ ಹೆಂಡತಿ ಬಸುರಾಗಿ ಹನೋಕನನ್ನು ಹೆತ್ತಳು ಅಂತಿದೆ. ಅವಳು ಅಲ್ಲಿ ಸಿಕ್ಕಳು ಅಂತ ಇಲ್ಲ. ಜೊತೆಯಲ್ಲೇ ಹೋಗಿರಬಹುದು. ಆದಾಮ ಹವ್ವರಿಗೆ ಆಗ ಇಬ್ಬರೇ ಮಕ್ಕಳು ಅಂತಲೂ ಎಲ್ಲೂ ಬರೆದಿಲ್ಲ. ನಮ್ಮ ಪ್ರಶ್ನೆಯ ಅರ್ಧ ಭಾರ ನಾವೇ ಹೊರಿಸಿದ್ದು.

ಇದೇ ರೀತಿ ಮೂರನೇ ಅಧ್ಯಾಯದಲ್ಲಿ ಸೇಬು ಇಲ್ಲ, ಬರೀ ಹಣ್ಣು. ಸರ್ಪ ಅಂತಿದೆ, ಸೈತಾನ ಅನ್ನುವ ಹೆಸರು ಆ ಅಧ್ಯಾಯದಲ್ಲಿ ಬರುವುದಿಲ್ಲ. ಆ ಸಂಬಂಧ ಕಲ್ಪಿಸಿದ್ದು ಮುಂದೆ ಬಂದ ಬರಹಗಳು. ಅದನ್ನು ನಂಬಬೇಡಿ ಅನ್ನುತ್ತಿಲ್ಲ. ಎಲ್ಲಿ ಏನು ಬರೆದಿದೆ ಅಂತ ತಿಳಿದು ನಂಬಿ ಅನ್ನುತ್ತಿದ್ದೇನೆ.

ಇಲ್ಲಿ ಜನ ಎಡವುವುದು ಚಿತ್ರಗಳಿಂದ. ಚಿಕ್ಕಂದಿನಲ್ಲಿ ನೋಡಿದ ಬಣ್ಣದ ಬೈಬಲ್ ಚಿತ್ರಗಳು ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿರುತ್ತವೆ ಅಂದರೆ ವಚನ ಓದುವಾಗಲೂ ನಾವು ಚಿತ್ರವನ್ನೇ ಓದುತ್ತಿರುತ್ತೇವೆ.

ಹಂತ 2: ನಿಲ್ಲಿಸಬೇಡಿ, ಮುಂದೆ ಓದಿ

ಆದಿಕಾಂಡಕ್ಕೆ ಒಂದು ರೂಢಿ ಇದೆ. ಹೇಳಬೇಕಾದದ್ದನ್ನು ಹೇಳಬೇಕಾದ ಜಾಗದಲ್ಲಿ ಹೇಳದೆ, ತುಂಬಾ ಮುಂದೆ ಹೋಗಿ ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಆದಾಮನಿಗೆ ಗಂಡು ಮಕ್ಕಳೂ ಹೆಣ್ಣು ಮಕ್ಕಳೂ ಹುಟ್ಟಿದರು ಅನ್ನುವ ಮಾತು 5:4ರಲ್ಲಿ ಬರುತ್ತದೆ. ಅದರ ಹಿಂದಿನ ವಚನದಲ್ಲಿ, ಸೇತ ಹುಟ್ಟಿದಾಗ ಆದಾಮನಿಗೆ 130 ವರ್ಷ ಅಂತಿದೆ. ಹೇಬೆಲನ ಬದಲಿಗೆ ದೇವರು ಸೇತನನ್ನು ಕೊಟ್ಟರು ಅಂತ ಹವ್ವ 4:25ರಲ್ಲಿ ಹೇಳುತ್ತಾಳೆ, ಅಂದರೆ ಕೊಲೆ ನಡೆದದ್ದು ಅದಕ್ಕೂ ಮೊದಲು. ಕಥೆ ನಮಗೆ ನಾಲ್ಕು ಜನರನ್ನು ತೋರಿಸಿದೆ, ಆದರೆ ಅದರ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳಿಗೆ ಜಾಗ ಬಿಟ್ಟಿದೆ.

ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. 35:22ರಲ್ಲಿ ಯಾಕೋಬನ ಹಿರಿಮಗ ರೂಬೇನ್ ತಂದೆಯ ಉಪಪತ್ನಿ ಬಿಲ್ಹಾಳ ಜೊತೆ ಮಲಗುತ್ತಾನೆ. "ಇದು ಇಸ್ರಾಯೇಲನಿಗೆ ತಿಳಿಯಿತು" ಅನ್ನುವಷ್ಟಕ್ಕೆ ಮಾತು ನಿಲ್ಲುತ್ತದೆ (ಇಸ್ರಾಯೇಲ ಯಾಕೋಬನ ಇನ್ನೊಂದು ಹೆಸರು). ಅಪ್ಪ ಬೈದನಾ, ಹೊಡೆದನಾ, ಮನೆಯಿಂದ ಓಡಿಸಿದನಾ? ಒಂದು ಪದವೂ ಇಲ್ಲ. ಹೀಬ್ರೂ ಪ್ರತಿಗಳಲ್ಲಿ ಅದೇ ವಚನದ ನಡುವೆ ಖಾಲಿ ಜಾಗ ಬಿಟ್ಟು ಬರೆಯುವ ಪದ್ಧತಿ ಇದೆ. ಉತ್ತರ ಬರುವುದು 49:3-4ರಲ್ಲಿ. ಯಾಕೋಬ ಸಾಯುವ ಹಾಸಿಗೆಯಲ್ಲಿ ಮಕ್ಕಳನ್ನೆಲ್ಲ ಕರೆದು, ಮೊದಲ ಮಾತಿಗೇ ಅದನ್ನು ಎತ್ತುತ್ತಾನೆ. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಅಂತಾಯಿತು. 35ರಲ್ಲೇ ಯಾರಾದರೂ ಒಂದು ಬೈಗುಳ ಸೇರಿಸಿ ಆ ಜಾಗ ತುಂಬಿದ್ದರೆ 49ರ ಆ ಮಾತಿಗೆ ಇಷ್ಟು ತೂಕ ಬರುತ್ತಿರಲಿಲ್ಲ.

ಹಾಗಾಗಿ ಎಲ್ಲಾದರೂ ಖಾಲಿ ಕಂಡರೆ ಆದಿಕಾಂಡ ಮುಗಿಯುವವರೆಗೆ ಆ ಹೆಸರನ್ನು ಹಿಂಬಾಲಿಸಿ. ಆಮೇಲೆ ಉಳಿದ ಪುಸ್ತಕಗಳು. ರೂಬೇನನ ವಿಷಯ 1 ಪೂರ್ವಕಾಲವೃತ್ತಾಂತ 5:1ರಲ್ಲಿ ಮತ್ತೆ ಬರುತ್ತದೆ. ಅಲ್ಲಿ ಅವನ ಜ್ಯೇಷ್ಠತನದ ಹಕ್ಕು ಯಾರ ಪಾಲಾಯಿತು ಅಂತಲೂ ಹೇಳಿದೆ.

ಹಂತ 3: ವಯಸ್ಸು ಲೆಕ್ಕ ಹಾಕಿ

ಇದನ್ನು ಮಾಡುವವರು ಬಹಳ ಕಡಿಮೆ. ವಂಶಾವಳಿ ಬಂದರೆ ಪುಟ ಹಾರಿಸುತ್ತೇವೆ ಅಲ್ವಾ? ಆದರೆ ಆ ಅಂಕಿಗಳೇ ಕೀಲಿ.

ಅಬ್ರಹಾಮನ ತಂದೆ ತೆರಹನ ಲೆಕ್ಕ ನೋಡಿ. ಅವನಿಗೆ 70 ವರ್ಷ ಆದ ಮೇಲೆ ಅಬ್ರಾಮ (ಅಬ್ರಹಾಮನ ಮೊದಲ ಹೆಸರು) ಹುಟ್ಟಿದ (11:26). ಅಬ್ರಾಮ ಖಾರಾನ್ ಬಿಟ್ಟು ಹೊರಟಾಗ ಅವನಿಗೆ 75 (12:4). ಅಂದರೆ ಆಗ ತೆರಹನಿಗೆ 145. ಆದರೆ ತೆರಹ ಸತ್ತದ್ದು 205ನೇ ವಯಸ್ಸಿನಲ್ಲಿ, ಮತ್ತು ಆ ಸಾವನ್ನು 11:32ರಲ್ಲೇ, ಅಬ್ರಾಮ ಹೊರಡುವ ಮೊದಲೇ ಬರೆದಿದೆ. ಈ ಅಂಕಿಗಳ ಪ್ರಕಾರ ಮಗ ಹೊರಟ ಮೇಲೆ ಅಪ್ಪ ಇನ್ನೂ 60 ವರ್ಷ ಬದುಕಿದ್ದ.

ಇದು ಒಂದೇ ಕಡೆ ಆದದ್ದಲ್ಲ. ಅಬ್ರಹಾಮನ ಸಾವು 25:8ರಲ್ಲಿದೆ, ಮೊಮ್ಮಕ್ಕಳಾದ ಏಸಾವ ಯಾಕೋಬರ ಜನನ ಅದಾದ ಮೇಲೆ. ಆದರೆ ಇಸಾಕ ಹುಟ್ಟಿದಾಗ ಅಬ್ರಹಾಮನಿಗೆ 100, ಅವಳಿ ಮಕ್ಕಳು ಹುಟ್ಟಿದಾಗ ಇಸಾಕನಿಗೆ 60 (25:26), ಅಬ್ರಹಾಮ ಬದುಕಿದ್ದು 175 ವರ್ಷ. ತಾತ ಸಾಯುವಾಗ ಮೊಮ್ಮಕ್ಕಳಿಗೆ 15 ವರ್ಷ! ಇನ್ನೂ ಮುಂದೆ ಹೋದರೆ, ಇಸಾಕನ ಸಾವು 35ನೇ ಅಧ್ಯಾಯದಲ್ಲಿ, ಯಾಕೋಬನ ಮಗ ಯೋಸೇಫನನ್ನು ಅಣ್ಣಂದಿರು ಮಾರಿದ್ದು 37ರಲ್ಲಿ. ಯಾಕೋಬ ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ ಅವನಿಗೆ 130 (47:9), ಆಗ ಯೋಸೇಫನಿಗೆ ಸುಮಾರು 39. ಯೋಸೇಫ 30ರಲ್ಲಿ ಅಧಿಕಾರಕ್ಕೆ ಬಂದ, ಏಳು ವರ್ಷ ಸಮೃದ್ಧಿ ಕಳೆಯಿತು, ಎರಡು ವರ್ಷ ಬರ ಆಗಿತ್ತು. ಅಂದರೆ ಯೋಸೇಫ ಹುಟ್ಟಿದಾಗ ಯಾಕೋಬನಿಗೆ 91. ಯೋಸೇಫನನ್ನು 17ರ ಆಸುಪಾಸಿನಲ್ಲಿ ಮಾರಿದಾಗ ಯಾಕೋಬನಿಗೆ 108, ಇಸಾಕನಿಗೆ 168. ಇಸಾಕ ಬದುಕಿದ್ದು 180 ವರ್ಷ. ಅಣ್ಣಂದಿರು ರಕ್ತದಲ್ಲಿ ಅದ್ದಿ ಕಳಿಸಿದ ಮೊಮ್ಮಗನ ಅಂಗಿ ಮನೆಗೆ ಬಂದ ದಿನ, ಮುದುಕನಾದ ಇಸಾಕ ಇನ್ನೂ ಬದುಕಿದ್ದ, ಅದಾದ ಮೇಲೂ ಸುಮಾರು 12 ವರ್ಷ ಇದ್ದ. ಕಥೆ ಅವನ ದುಃಖದ ಬಗ್ಗೆ ಏನೂ ಹೇಳುವುದಿಲ್ಲ.

ಇದರಿಂದ ಏನು ತಿಳಿಯಿತು? ಆದಿಕಾಂಡ ಒಬ್ಬರ ಕಥೆ ಮುಗಿಸಿ, ಬಾಗಿಲು ಹಾಕಿ, ಆಮೇಲೆ ಮುಂದಿನವರ ಕಥೆ ಶುರು ಮಾಡುತ್ತದೆ. "ಇದು ಇಂಥವರ ವಂಶಾವಳಿ" ಅಥವಾ "ಚರಿತ್ರೆ" ಅಂತ ಶುರುವಾಗುವ ಸಾಲುಗಳೇ ಆ ಬಾಗಿಲುಗಳು. ನೋಟ್‌ಬುಕ್‌ನಲ್ಲಿ ಅವನ್ನು ಗುರುತು ಮಾಡಿಕೊಳ್ಳಿ. ಹೀಬ್ರೂನಲ್ಲಿ ಆ ಪದ ತೋಲೆದೋತ್, ಹುಟ್ಟಿಬಂದ ಸಂತತಿ, ಅದರ ಕಥೆ ಅನ್ನುವ ಅರ್ಥ. ಪುಟದಲ್ಲಿ ಮೊದಲು ಬಂದದ್ದೆಲ್ಲ ಮೊದಲು ನಡೆಯಿತು ಅಂದುಕೊಂಡರೆ ಇಲ್ಲದ ಗೊಂದಲ ಶುರುವಾಗುತ್ತದೆ.

ಎಚ್ಚರ: ಅಂಕಿಗಳು ಎಲ್ಲ ಪ್ರತಿಗಳಲ್ಲಿ ಒಂದೇ ಇಲ್ಲ. ನಾವು ಓದುವ ಹೀಬ್ರೂ ಪಾಠದಲ್ಲಿ ನೋಹನ ತಾತ ಮೆತೂಷೆಲಹ ಜಲಪ್ರಳಯ ಬಂದ ವರ್ಷವೇ ಸಾಯುತ್ತಾನೆ (ಮಗ ಹುಟ್ಟಿದಾಗ ಅವನಿಗೆ 187, ನೋಹ ಹುಟ್ಟಿದಾಗ ಆ ಮಗನಿಗೆ 182, ಪ್ರಳಯ ಬಂದಾಗ ನೋಹನಿಗೆ 600. ಕೂಡಿಸಿ, ಅವನು ಬದುಕಿದ್ದಷ್ಟೇ 969 ಬರುತ್ತದೆ). ಹಳೆಯ ಗ್ರೀಕ್ ಅನುವಾದದ ಹಲವು ಪ್ರತಿಗಳ ಅಂಕಿ ಹಿಡಿದರೆ ಅವನು ಪ್ರಳಯ ಆಗಿ 14 ವರ್ಷ ಕಳೆದ ಮೇಲೂ ಬದುಕಿರಬೇಕು, ನಾವೆಯಲ್ಲಿ ಮಾತ್ರ ಅವನಿಲ್ಲ. ತೆರಹನ ವಯಸ್ಸೂ ಹಾಗೆಯೇ. ಸಮಾರ್ಯದವರ ಪ್ರತಿಯಲ್ಲಿ ಅವನು 145ಕ್ಕೇ ಸಾಯುತ್ತಾನೆ. ಅಪೊಸ್ತಲರ ಕೃತ್ಯಗಳು 7:4ರಲ್ಲಿ ಸ್ತೆಫನ, ತಂದೆ ಸತ್ತ ಮೇಲೆ ಅಬ್ರಹಾಮ ಹೊರಟ ಅನ್ನುತ್ತಾನೆ. ಅದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಲೆಕ್ಕ ಹಾಕಿ, ಆದರೆ ಅದರ ಮೇಲೆ ಮಹಲು ಕಟ್ಟಬೇಡಿ.

ಹಂತ 4: ಪ್ರತಿಗಳನ್ನು ಹೋಲಿಸಿ

ಇಲ್ಲಿ ಮೂರು ಹೆಸರು ಗೊತ್ತಿದ್ದರೆ ಸಾಕು. ಒಂದು, ಮಸೊರೆಟಿಕ್ ಪಾಠ: ಯೆಹೂದ್ಯ ಪಂಡಿತರು ಅಕ್ಷರ ಅಕ್ಷರ ಎಣಿಸಿ ಕಾಪಾಡಿಕೊಂಡು ಬಂದ ಹೀಬ್ರೂ ಪಾಠ. ಹಳೆಯ ಒಡಂಬಡಿಕೆಯ ಬಹುತೇಕ ಅನುವಾದಗಳಿಗೆ ಇದೇ ಆಧಾರ, ಪೂರ್ತಿಯಾಗಿ ಉಳಿದಿರುವ ಅತ್ಯಂತ ಹಳೆಯ ಪ್ರತಿ ಸುಮಾರು 1008ನೇ ಇಸವಿಯದು. ಎರಡು, ಸೆಪ್ಟುವಜಿಂಟ್: ಆದಿಕಾಂಡ ಮೊದಲಾದ ಐದು ಪುಸ್ತಕಗಳನ್ನು ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕ್ ಭಾಷೆಗೆ ತಂದಲ್ಲಿಂದ ಶುರುವಾದ ಅನುವಾದ. ಮೂರು, ಸಮಾರ್ಯದವರು ತಮ್ಮಲ್ಲಿ ಉಳಿಸಿಕೊಂಡ ಹೀಬ್ರೂ ಪಂಚಗ್ರಂಥ.

ಈಗ 4:8 ತೆಗೆಯಿರಿ. ಮಸೊರೆಟಿಕ್ ಪಾಠದಲ್ಲಿ "ಕಾಯಿನನು ತನ್ನ ತಮ್ಮನಾದ ಹೇಬೆಲನಿಗೆ ಹೇಳಿದನು" ಅಂತ ಬರುತ್ತದೆ. ಏನು ಹೇಳಿದ? ಇಲ್ಲ. ಮುಂದಿನ ಮಾತೇ "ಅವರು ಹೊಲದಲ್ಲಿದ್ದಾಗ" ಅಂತ. ಗ್ರೀಕ್ ಮತ್ತು ಸಮಾರ್ಯ ಪಾಠಗಳಲ್ಲಿ ಆ ಮಾತು ಇದೆ: ಹೊಲಕ್ಕೆ ಹೋಗೋಣ ಬಾ. ನಿಮ್ಮ ಎರಡು ಕನ್ನಡ ಅನುವಾದಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ, ಆ ಮಾತು ಇದೆಯಾ, ಇದ್ದರೆ ಅಡಿಟಿಪ್ಪಣಿ ಏನನ್ನುತ್ತದೆ ಅಂತ. ಪ್ರತಿ ಮಾಡಿದವನ ಕಣ್ಣು ಒಂದು ಸಾಲು ತಪ್ಪಿಸಿಕೊಂಡಿತು ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಮಾತು ಮೊದಲಿನಿಂದಲೂ ಇರಲಿಲ್ಲ, ಅನುವಾದಕರಿಗೆ ಬಾಕಿ ಉಳಿದಂತೆ ಅನ್ನಿಸಿ ಸೇರಿಸಿದರು ಅನ್ನುವವರೂ ಇದ್ದಾರೆ. ಅಣ್ಣ ತಮ್ಮನಿಗೆ ಹೇಳಿದ ಕೊನೆಯ ಮಾತು ನಮಗೆ ಕೇಳಿಸದೇ ಹೋಗುವುದರಲ್ಲಿ ಒಂದು ನೋವಿದೆ ಅಂತ ನನಗೂ ಅನ್ನಿಸುತ್ತದೆ. ಆದರೂ ಇಲ್ಲಿ ಲೋಪ ಆಗಿದೆ ಅನ್ನುವುದೇ ಹೆಚ್ಚು ಸರಿ, ಯಾಕೆಂದರೆ ಹೀಬ್ರೂನಲ್ಲಿ ಆ ಕ್ರಿಯಾಪದ ಬಂದರೆ ಹೇಳಿದ ಮಾತೂ ಬರುವುದು ವಾಡಿಕೆ.

ಮೌನ ಕಂಡಲ್ಲೆಲ್ಲ ಗೂಢಾರ್ಥ ಹುಡುಕುವುದು ಈ ಹಂತದಲ್ಲಿ ಆಗುವ ತಪ್ಪು. ಹಾಗೆ ಹುಡುಕುವ ಮೊದಲು ಅದು ಕೈತಪ್ಪಿದ ಸಾಲಾ ಅಂತ ನೋಡಿ.

ಹಂತ 5: ಕಥೆಯ ಕಣ್ಣು ಯಾರ ಮೇಲಿದೆ ಅಂತ ಕೇಳಿ

ಪ್ರತಿಗಳಲ್ಲೂ ಉತ್ತರ ಇಲ್ಲ, ಮುಂದಿನ ಅಧ್ಯಾಯಗಳಲ್ಲೂ ಇಲ್ಲ ಅಂದಾಗ, ಈ ಕಥೆ ಯಾರನ್ನು ನೋಡುತ್ತಿದೆ ಅಂತ ಕೇಳಬೇಕು. ಇದಕ್ಕೆ 22ನೇ ಅಧ್ಯಾಯಕ್ಕಿಂತ ಒಳ್ಳೆಯ ಜಾಗ ಇಲ್ಲ. ಇದನ್ನು ಸಾವಕಾಶವಾಗಿ ಓದಿ.

ಮಗನನ್ನು ಅರ್ಪಿಸು ಅಂತ ದೇವರು ಹೇಳುತ್ತಾರೆ. ಮುಂದಿನ ವಚನದಲ್ಲಿ ಅಬ್ರಹಾಮ ಬೆಳಿಗ್ಗೆ ಎದ್ದು ಕತ್ತೆಗೆ ತಡಿ ಹಾಕುತ್ತಾನೆ. ಆ ರಾತ್ರಿ ಏನಾಯಿತು? ಸಾರಳಿಗೆ ಹೇಳಿದನಾ? ಮೂರನೇ ದಿನ ದೂರದಿಂದ ಜಾಗ ಕಾಣಿಸಿತು ಅನ್ನುತ್ತದೆ. ನಡುವಿನ ದಿನಗಳಲ್ಲಿ ಅಪ್ಪ ಮಗ ಏನು ಮಾತಾಡಿದರು? ಇಸಾಕನಿಗೆ ಎಷ್ಟು ವಯಸ್ಸು? ಸೌದೆ ಹೊತ್ತು ಬೆಟ್ಟ ಹತ್ತುವಷ್ಟು ದೊಡ್ಡವನು ಅನ್ನುವುದಷ್ಟೇ ಗೊತ್ತು. ಸಾರಳಿಗೆ 90 ಆದಾಗ ಇಸಾಕ ಹುಟ್ಟಿದ, ಅವಳು 127ಕ್ಕೆ ಸತ್ತಳು, ಸತ್ತದ್ದು ಈ ಸುದ್ದಿ ಕೇಳಿಯೇ ಅಂತ ಯೆಹೂದ್ಯ ಗುರುಗಳು ಲೆಕ್ಕ ಹಾಕಿ ಇಸಾಕನಿಗೆ ಆಗ 37 ಅಂದರು. ಆದರೆ ವಚನ ಆ ಎರಡನ್ನೂ ಜೋಡಿಸಿಲ್ಲ.

ಈಗ ಒಂದು ಪದ ಹಿಡಿದು ನೋಡಿ. ಇಬ್ಬರೂ ಜೊತೆಯಾಗಿ ಹೋದರು ಅಂತ 22:6ರಲ್ಲಿದೆ. ಮಗ ಕುರಿ ಎಲ್ಲಿ ಅಂತ ಕೇಳಿ, ಅಪ್ಪ ದೇವರೇ ಒದಗಿಸುತ್ತಾರೆ ಅಂದ ಮೇಲೆ, 22:8ರಲ್ಲಿ ಮತ್ತೆ ಅದೇ, ಇಬ್ಬರೂ ಜೊತೆಯಾಗಿ ಹೋದರು. ಕೊನೆಗೆ 22:19ರಲ್ಲಿ ಅದೇ ಹೀಬ್ರೂ ಪದ ಮೂರನೇ ಸಲ ಬರುತ್ತದೆ. ಅಬ್ರಹಾಮ ಆಳುಗಳ ಬಳಿಗೆ ತಿರುಗಿ ಬಂದ, ಅವರು ಜೊತೆಯಾಗಿ ಬೇರ್ಷೆಬಕ್ಕೆ ಹೋದರು. ಇಸಾಕನ ಹೆಸರಿಲ್ಲ. ಎರಡು ಸಲ ಬಂದ ಪದ ಮೂರನೇ ಸಲ ಬಂದಾಗ ನಮ್ಮ ಕಣ್ಣು ತಾನಾಗಿ ಇಸಾಕನನ್ನು ಹುಡುಕುತ್ತದೆ, ಅವನಿಲ್ಲ. ಮುಂದೆ ಓದಿದರೆ ಸಾರ ಸಾಯುವುದು ಹೆಬ್ರೋನಿನಲ್ಲಿ, ಅಬ್ರಹಾಮ ಅಲ್ಲಿಗೆ ಬಂದು ಅಳುತ್ತಾನೆ. ಇಸಾಕ ಮತ್ತೆ ಕಾಣಿಸುವುದು 24:62ರಲ್ಲಿ, ಸಾರಳ ದಾಸಿ ಹಾಗರಳಿಗೆ ದೇವದೂತ ಕಾಣಿಸಿಕೊಂಡಿದ್ದ ಬಾವಿಯ ಕಡೆಯಿಂದ ಬರುತ್ತಾ. ಅಪ್ಪ ಮಗ ಮತ್ತೆ ಒಬ್ಬರಿಗೊಬ್ಬರು ಮಾತಾಡಿದ್ದು ಆದಿಕಾಂಡದಲ್ಲಿ ಇಲ್ಲ.

ಇಸಾಕನನ್ನು ನೋಹನ ಮಗ ಶೇಮನ ಬಳಿ ಧರ್ಮಶಾಸ್ತ್ರ ಕಲಿಯಲು ಕಳಿಸಿದರು ಅಂತ ಹಳೆಯ ಯೆಹೂದ್ಯ ವ್ಯಾಖ್ಯಾನವೊಂದು ಈ ಜಾಗ ತುಂಬಿದೆ. ನನ್ನ ಓದು ಬೇರೆ. ಅಧ್ಯಾಯದ ಮೊದಲ ಸಾಲೇ ದೇವರು ಅಬ್ರಹಾಮನನ್ನು ಪರೀಕ್ಷಿಸಿದರು ಅನ್ನುತ್ತದೆ. ಕಣ್ಣು ಮೊದಲಿನಿಂದ ಕೊನೆಯವರೆಗೆ ಅಬ್ರಹಾಮನ ಮೇಲೆ. ಆದ್ದರಿಂದ ಇಸಾಕ ಇಳಿದು ಬಂದನಾ ಅನ್ನುವುದು ಆ ಕಥೆಗೆ ಮುಖ್ಯ ಅಲ್ಲ, ಬಂದೇ ಇರುತ್ತಾನೆ. ಆದರೆ "ಜೊತೆಯಾಗಿ" ಅನ್ನುವುದನ್ನು ಮೂರು ಸಲ ಹೇಳಿ, ಮೂರನೆಯದರಲ್ಲಿ ಅವನನ್ನು ಬಿಟ್ಟದ್ದು ಕೈತಪ್ಪಿನಿಂದ ಅಂತ ನನಗೆ ಅನ್ನಿಸುವುದಿಲ್ಲ.

ಕಾಯಿನನ ಕಾಣಿಕೆಗೂ ಇದೇ ಕೇಳಿ. ಹೇಬೆಲ ಚೊಚ್ಚಲು ಮರಿಗಳನ್ನೂ ಅವುಗಳ ಕೊಬ್ಬನ್ನೂ ತಂದ, ಕಾಯಿನ ಭೂಮಿಯ ಫಲದಲ್ಲಿ ಕಾಣಿಕೆ ತಂದ. ವ್ಯತ್ಯಾಸದ ಸುಳಿವು ಅಷ್ಟೇ. ಇಬ್ರಿಯರಿಗೆ 11:4 ನಂಬಿಕೆಯ ಮಾತು ಎತ್ತುತ್ತದೆ. ಆದರೆ ಆದಿಕಾಂಡದ ಕಣ್ಣು ಕಾಣಿಕೆಯ ಮೇಲಲ್ಲ, ಕಾಯಿನನ ಇಳಿದ ಮುಖದ ಮೇಲಿದೆ. ದೇವರು ಅವನೊಡನೆ ಮಾತಾಡುವುದೂ ಅದರ ಬಗ್ಗೆಯೇ. "ರಕ್ತ ಇಲ್ಲದ ಕಾಣಿಕೆ, ಅದಕ್ಕೇ ಬೇಡ ಅಂದರು" ಅಂತ ಪ್ರಸಂಗಗಳಲ್ಲಿ ಕೇಳುತ್ತೇವೆ. ಯಾಜಕಕಾಂಡ 2ರಲ್ಲಿ ಧಾನ್ಯದ ಕಾಣಿಕೆಯನ್ನು ದೇವರೇ ಕೇಳುತ್ತಾರೆ. ಹಾಗಾಗಿ ಅದು ಸಾಕಾದ ಉತ್ತರ ಅಲ್ಲ.

ಹಂತ 6: ಹಿಂದಿನವರು ತುಂಬಿದ್ದನ್ನು ಕಾಲದ ಪ್ರಕಾರ ಜೋಡಿಸಿ

ನಮಗೆ ಬಂದ ಪ್ರಶ್ನೆ ಹೊಸದಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಇದನ್ನೇ ಕೇಳಿದ್ದಾರೆ, ಉತ್ತರವನ್ನೂ ಬರೆದಿಟ್ಟಿದ್ದಾರೆ. ಅವನ್ನು ಓದಿ, ಆದರೆ ಯಾವುದು ಯಾವ ಕಾಲದ್ದು ಅಂತ ಪಕ್ಕದಲ್ಲಿ ಬರೆದುಕೊಳ್ಳಿ.

ಕ್ರಿ.ಪೂ. 2ನೇ ಶತಮಾನದ ಯುಬಿಲಿಗಳ ಪುಸ್ತಕ ಆದಿಕಾಂಡವನ್ನು ಮತ್ತೆ ಹೇಳುವ ಬರಹ. ಅದರಲ್ಲಿ ಕಾಯಿನನ ಹೆಂಡತಿಗೆ ಹೆಸರೇ ಇದೆ: ಅವಾನ್, ಅವನ ತಂಗಿ. ಮಿದ್ರಾಷ್ ಅಂದರೆ ಯೆಹೂದ್ಯ ಗುರುಗಳು ವಚನಗಳನ್ನು ಬಿಡಿಸಿ, ಬಿಟ್ಟ ಜಾಗಕ್ಕೆ ಕಥೆ ಹೆಣೆದು ಬೋಧಿಸುವ ರೀತಿ. ಹರಿಕಥೆ ಕೇಳಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ದಾಸರು ಮೂಲದಲ್ಲಿ ಇಲ್ಲದ ಒಂದು ಸಂಭಾಷಣೆ ಸೇರಿಸಿ ಕಥೆಯ ತಿರುಳನ್ನು ಕಣ್ಣಮುಂದೆ ತರುತ್ತಾರಲ್ಲ, ಹಾಗೆ.

ಅಬ್ರಹಾಮನನ್ನೇ ದೇವರು ಯಾಕೆ ಆರಿಸಿಕೊಂಡರು ಅನ್ನುವುದಕ್ಕೆ 12:1ರಲ್ಲಿ ಕಾರಣ ಇಲ್ಲ. ಅವನ ತಂದೆ ಬೇರೆ ದೇವರುಗಳನ್ನು ಪೂಜಿಸುತ್ತಿದ್ದ ಅಂತ ಯೆಹೋಶುವ 24:2 ಹೇಳುತ್ತದೆ. ಯುಬಿಲಿಗಳ ಪುಸ್ತಕದಲ್ಲಿ ಅಬ್ರಾಮ ರಾತ್ರಿ ಎದ್ದು ವಿಗ್ರಹಗಳ ಮನೆಗೆ ಬೆಂಕಿ ಇಡುತ್ತಾನೆ. ಮಿದ್ರಾಷ್‌ನಲ್ಲಿ ಅಪ್ಪನ ವಿಗ್ರಹಗಳನ್ನು ಒಡೆದು, ಕೋಲನ್ನು ದೊಡ್ಡ ವಿಗ್ರಹದ ಕೈಗೆ ಕೊಡುತ್ತಾನೆ. ಕುರ್‌ಆನಿನ 21ನೇ ಸೂರಾದಲ್ಲೂ ಇಬ್ರಾಹಿಮರು ವಿಗ್ರಹಗಳನ್ನು ಒಡೆದು ದೊಡ್ಡದೊಂದನ್ನು ಉಳಿಸುತ್ತಾರೆ. ಒಂದೇ ಖಾಲಿ ಜಾಗದ ಸುತ್ತ ಎಷ್ಟೊಂದು ಜನ ಕೂತು ಯೋಚಿಸಿದ್ದಾರೆ ನೋಡಿ. ಆದರೂ ಈ ಕಥೆ ಆದಿಕಾಂಡದಲ್ಲಿಲ್ಲ. ಅದರಲ್ಲಿರುವುದು 18:19, ಮತ್ತು ಅದು ಹಿಂದಿನದನ್ನು ಹೇಳುವುದಿಲ್ಲ, ಅವನು ಮಕ್ಕಳಿಗೆ ಏನು ಕಲಿಸಬೇಕು ಅನ್ನುವುದನ್ನು ಹೇಳುತ್ತದೆ.

6:1-4ರ ದೇವಪುತ್ರರ ವಿಷಯದಲ್ಲಿ ಕಾಲದ ಪಟ್ಟಿ ಇನ್ನೂ ಉಪಯೋಗಕ್ಕೆ ಬರುತ್ತದೆ. ಅವರು ದೇವದೂತರು ಅನ್ನುವುದು ಹಳೆಯ ಓದು. ಹನೋಕನ ಹೆಸರಿನ ಪುಸ್ತಕದಲ್ಲಿ ಅದು ವಿಸ್ತಾರವಾಗಿದೆ, ಅದರ ಅರಮಾಯಿಕ್ ತುಣುಕುಗಳು ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸಿಕ್ಕಿವೆ, ಹೊಸ ಒಡಂಬಡಿಕೆಯ ಯೂದನ ಪತ್ರಿಕೆ ಆ ಪುಸ್ತಕದ ಮಾತನ್ನು ಎತ್ತಿ ಹೇಳುತ್ತದೆ. ದೊಡ್ಡ ಮನುಷ್ಯರ, ಅಧಿಪತಿಗಳ ಮಕ್ಕಳು ಅನ್ನುವುದು ಯೆಹೂದ್ಯ ಗುರುಗಳ ಓದು. ಸೇತನ ವಂಶದವರು ಅನ್ನುವುದನ್ನು ಗಟ್ಟಿಮಾಡಿದವರಲ್ಲಿ ಮುಖ್ಯರು 5ನೇ ಶತಮಾನದ ಅಗಸ್ಟೀನ್. ನಮ್ಮ ಎಷ್ಟೋ ಸಭೆಗಳಲ್ಲಿ ಹೇಳಿಕೊಡುವುದು ಈ ಕೊನೆಯದನ್ನೇ. ಯೋಬ 1:6ರ ಹೀಬ್ರೂನಲ್ಲೂ ಇದೇ ಮಾತು ಬರುತ್ತದೆ, ಅಲ್ಲಿ ಅವರು ಸ್ವರ್ಗದ ಸಭೆಯವರು. ಹಾಗಾಗಿ ನನ್ನ ಒಲವು ಮೊದಲ ಓದಿನ ಕಡೆ. ದೇವದೂತರು ಮದುವೆಯಾಗುವುದಿಲ್ಲ ಅಂತ ಮತ್ತಾಯ 22:30 ತೋರಿಸಿ ವಾದ ಮಾಡುವವರಿದ್ದಾರೆ, ಅದನ್ನೂ ತೂಗಿ ನೋಡಿ.

ಕಾಯಿನನ ಹೆಂಡತಿಗೆ ಇನ್ನೊಂದು ಉತ್ತರವೂ ಉಂಟು. 1655ರಲ್ಲಿ ಫ್ರಾನ್ಸಿನ ಇಸಾಕ್ ಲಾ ಪೆರೇರ್, ಆದಾಮನಿಗಿಂತ ಮೊದಲೂ ಜನ ಇದ್ದರು ಅಂತ ಪುಸ್ತಕ ಬರೆದ. ಭಾರೀ ವಿರೋಧ ಬಂತು, ಅವನನ್ನು ಬಂಧಿಸಿದರು, ಕೊನೆಗೆ ಮಾತನ್ನು ಹಿಂತೆಗೆದುಕೊಂಡ. ಈಗಿನ ಹಲವು ವಿದ್ವಾಂಸರು ಬೇರೆ ದಾರಿ ಹಿಡಿಯುತ್ತಾರೆ. ಕಾಯಿನನ ಕಥೆ ಮೊದಲು ಬಿಡಿಯಾಗಿ ಇದ್ದದ್ದು, ಅದರಲ್ಲಿ ಸುತ್ತಲೂ ಜನ ಇರುವ ಲೋಕವೇ ಇತ್ತು ಅನ್ನುತ್ತಾರೆ. "ಕಂಡವರು ನನ್ನನ್ನು ಕೊಲ್ಲುವರು" ಅನ್ನುವ ಅವನ ಭಯ (4:14), ಅವನು ಕಟ್ಟಿದ ಊರು, ಎರಡೂ ಈ ಓದಿಗೆ ಹೊಂದುತ್ತವೆ. ತಂಗಿಯನ್ನು ಮದುವೆಯಾದ ಅನ್ನುವ ಹಳೆಯ ಉತ್ತರಕ್ಕೂ ಆಧಾರ ಇದೆ: 5:4 ಇದೆ, ಸಾರ ತನ್ನ ತಂದೆಯ ಮಗಳು ಅಂತ ಅಬ್ರಹಾಮನೇ 20:12ರಲ್ಲಿ ಹೇಳುತ್ತಾನೆ, ಅಂಥ ಮದುವೆಯನ್ನು ತಡೆಯುವ ಕಟ್ಟಳೆ ಬರುವುದು ಯಾಜಕಕಾಂಡ 18ರಲ್ಲಿ.

ಹಂತ 7: ಉತ್ತರದ ಪಕ್ಕ ಗುರುತು ಹಾಕಿ

ನೋಟ್‌ಬುಕ್‌ನಲ್ಲಿ ಪ್ರತಿ ಉತ್ತರದ ಮುಂದೆ ಮೂರರಲ್ಲಿ ಒಂದು ಬರೆಯಿರಿ: "ಇದೆ", "ಊಹೆ", "ಖಾಲಿ". ವಚನ ತೋರಿಸಲು ಆದರೆ "ಇದೆ". ವಚನಗಳನ್ನು ಜೋಡಿಸಿ ಊಹಿಸಿದ್ದಾದರೆ "ಊಹೆ", ಯಾರ ಊಹೆ ಅಂತಲೂ ಬರೆಯಿರಿ. ಎರಡೂ ಅಲ್ಲದಿದ್ದರೆ "ಖಾಲಿ" ಅಂತ ಬರೆದು ಹಾಗೇ ಬಿಡಿ. ಆದಾಮನಿಗೆ ಹೆಣ್ಣು ಮಕ್ಕಳಿದ್ದರು: ಇದೆ. ಅವರಲ್ಲಿ ಒಬ್ಬಳು ಕಾಯಿನನ ಹೆಂಡತಿ: ಊಹೆ. ಅವಳ ಹೆಸರು: ಆದಿಕಾಂಡದಲ್ಲಿ ಖಾಲಿ. ಸಂಡೇ ಸ್ಕೂಲ್ ಮಗುವಿಗೂ ಇಷ್ಟನ್ನೇ ಹೇಳಬಹುದು, ಮಕ್ಕಳಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ.

ಈ ಗುರುತು ಯಾಕೆ ಬೇಕು ಅಂದರೆ, ಊಹೆಯನ್ನು "ಇದೆ" ಅಂದುಕೊಂಡಾಗ ಅನಾಹುತ ಆಗಿದೆ. 9:20-27 ತೆಗೆಯಿರಿ. ಕುಡಿದು ಮಲಗಿದ್ದ ತಂದೆ ನೋಹನ ಬೆತ್ತಲೆತನವನ್ನು ಹಾಮ ನೋಡಿದ, ನೋಹ ಶಪಿಸಿದ್ದು ಹಾಮನ ಮಗ ಕಾನಾನನನ್ನು. ಯಾಕೆ ಅಂತ ಇಲ್ಲ. ನೋಹನ ಮಕ್ಕಳನ್ನು ದೇವರು ಆಗಲೇ ಆಶೀರ್ವದಿಸಿದ್ದರಿಂದ (9:1) ಹಾಮನನ್ನು ಶಪಿಸಲು ಆಗಲಿಲ್ಲ ಅಂತ ಕುಮ್ರಾನಿನಲ್ಲಿ ಸಿಕ್ಕ ಒಂದು ವ್ಯಾಖ್ಯಾನ ಹೇಳುತ್ತದೆ. ಇದು ಒಳ್ಳೆಯ ಊಹೆ. ಆದರೆ ಆಮೇಲಿನ ಕಾಲದಲ್ಲಿ ಜನ ಶಾಪವನ್ನು ಹಾಮನ ಮೇಲೆ ಹಾಕಿದರು, ಹಾಮ ಅಂದರೆ ಕಪ್ಪು ಜನ ಅಂದರು, ಅಮೆರಿಕದಲ್ಲಿ ಆಫ್ರಿಕಾದವರನ್ನು ಗುಲಾಮರಾಗಿ ಇಟ್ಟುಕೊಂಡವರು ಅದನ್ನೇ ದೇವರ ವಾಕ್ಯ ಅಂತ ಬೋಧಿಸಿದರು. ವಚನದಲ್ಲಿ ಹಾಮನಿಗೆ ಶಾಪ ಇಲ್ಲ, ಮೈಬಣ್ಣದ ಮಾತೇ ಇಲ್ಲ. ಒಂದು ಖಾಲಿ ಜಾಗಕ್ಕೆ ತಮಗೆ ಬೇಕಾದದ್ದನ್ನು ತುಂಬಿ ಮನುಷ್ಯರನ್ನು ಸಂಕೋಲೆಯಲ್ಲಿಟ್ಟರು. ನಮ್ಮ ನಾಡಿನಲ್ಲಿ ಹುಟ್ಟಿನ ಹೆಸರಲ್ಲಿ ಯಾರನ್ನಾದರೂ ಕೀಳು ಮಾಡಲು ಈ ವಚನ ಬಳಸುವುದು ಕಂಡರೆ, ದಯವಿಟ್ಟು ಎದ್ದು ನಿಂತು 9:25 ಓದಿ ಹೇಳಿ.

ಇಷ್ಟು ಅಪಾಯ ಇಲ್ಲದ್ದು ಇನ್ನೊಂದು. 1:1 ಮತ್ತು 1:2ರ ನಡುವೆ ಕೋಟಿಗಟ್ಟಲೆ ವರ್ಷಗಳಿವೆ, ಆಗ ಸೈತಾನ ಬಿದ್ದ, ಮೊದಲ ಲೋಕ ಹಾಳಾಯಿತು ಅನ್ನುವ ಬೋಧನೆ ಕೇಳಿರುತ್ತೀರಿ. ಇದನ್ನು ಜನಪ್ರಿಯ ಮಾಡಿದವರಲ್ಲಿ ಮೊದಲಿಗರು ಸ್ಕಾಟ್ಲೆಂಡಿನ ಥಾಮಸ್ ಚಾಲ್ಮರ್ಸ್, 19ನೇ ಶತಮಾನದ ಆರಂಭದಲ್ಲಿ, ಭೂಮಿ ಬಹಳ ಹಳೆಯದು ಅಂತ ಭೂವಿಜ್ಞಾನ ಹೇಳತೊಡಗಿದಾಗ. 1909ರಲ್ಲಿ ಬಂದ ಸ್ಕೋಫೀಲ್ಡ್ ಟಿಪ್ಪಣಿಗಳ ಬೈಬಲ್ ಅದನ್ನು ಊರೂರಿಗೆ ಒಯ್ದಿತು. ಹೀಬ್ರೂ ವ್ಯಾಕರಣದಲ್ಲಿ 1:2 ಆಮೇಲೆ ನಡೆದ ಘಟನೆ ಅಲ್ಲ, ಆಗಿನ ಸ್ಥಿತಿಯ ವರ್ಣನೆ. ಅಲ್ಲಿ ಖಾಲಿ ಜಾಗವೇ ಇಲ್ಲ, ನಾವು ಸೀಳಿ ಮಾಡಿಕೊಂಡದ್ದು. ಇದಕ್ಕೆ "ಊಹೆ" ಅಂತ ಗುರುತು ಹಾಕಿ, ಪಕ್ಕದಲ್ಲಿ ಕಾಲ ಬರೆಯಿರಿ.

ಈಗ ನೀವೇ ಒಂದು ಮಾಡಿ ನೋಡಿ

ಇಸಾಕನ ಹೆಂಡತಿ, ಯಾಕೋಬನ ತಾಯಿ ರೆಬೆಕ್ಕಳ ಸಾವನ್ನು ತೆಗೆದುಕೊಳ್ಳಿ. ಕೆಲವು ದಿನ ನನ್ನ ಅಣ್ಣ ಲಾಬಾನನ ಮನೆಯಲ್ಲಿ ಇರು, ನಾನೇ ಹೇಳಿ ಕಳಿಸುತ್ತೇನೆ ಅಂತ 27:43-45ರಲ್ಲಿ ಯಾಕೋಬನನ್ನು ಕಳಿಸುತ್ತಾಳೆ. ಅವನು ಅಲ್ಲಿ 20 ವರ್ಷ ಇರುತ್ತಾನೆ (31:41). ಹೇಳಿ ಕಳಿಸಿದ್ದು ಎಲ್ಲೂ ಇಲ್ಲ. ವಾಪಸ್ ಬಂದಾಗ 35:8ರಲ್ಲಿ ಇದ್ದಕ್ಕಿದ್ದಂತೆ ರೆಬೆಕ್ಕಳ ದಾದಿ ದೆಬೋರಳ ಸಾವು ಬರುತ್ತದೆ, ಅವಳನ್ನು ಹೂಣಿಟ್ಟ ಮರಕ್ಕೆ ಗೋಳಾಟದ ಮರ ಅನ್ನುವ ಹೆಸರು. ದಾದಿಯ ಸಾವಿದೆ, ತಾಯಿಯದ್ದಿಲ್ಲ. 35:27ರಲ್ಲಿ ಯಾಕೋಬ ತಂದೆಯ ಮನೆಗೆ ಬರುತ್ತಾನೆ, ಆಗಲೂ ತಾಯಿಯ ಹೆಸರಿಲ್ಲ.

ಏಳು ಹಂತಗಳನ್ನೂ ದಾಟಿ 49:31ಕ್ಕೆ ಬನ್ನಿ. ಮನೆಯವರನ್ನು ಹೂಣಿಡುತ್ತಿದ್ದ ಮಕ್ಪೇಲದ ಗವಿಯ ಬಗ್ಗೆ ಯಾಕೋಬ ಹೇಳುವ ಮಾತು: ಇಸಾಕನನ್ನೂ ರೆಬೆಕ್ಕಳನ್ನೂ ಅಲ್ಲಿ ಹೂಣಿಟ್ಟರು, (ತನ್ನ ಹೆಂಡತಿ) ಲೇಯಳನ್ನು ನಾನೇ ಹೂಣಿಟ್ಟೆ. "ಹೂಣಿಟ್ಟರು" ಅಂದದ್ದರಿಂದ ತಾಯಿಯ ಮಣ್ಣಿಗೆ ಯಾಕೋಬ ಇರಲಿಲ್ಲ ಅಂತ ಬರೆಯಲು ಪೆನ್ಸಿಲ್ ಎತ್ತುತ್ತೀರಿ, ನಾನೂ ಎತ್ತಿದ್ದೆ. ಬರೆಯುವ ಮೊದಲು 35:29 ನೋಡಿ. ಇಸಾಕನನ್ನು ಹೂಣಿಟ್ಟವರು ಏಸಾವ ಮತ್ತು ಯಾಕೋಬ.